80 ಲಕ್ಷ ಪ್ರತಿ ಇರೋ ಗೇಮ್‌ಗೆ ಬೆಲೆ ಕಟ್ಟೋದು ಹೇಗೆ? ‘ಗೋಲ್ಡನ್‌ಐ 007’ ಹೇಳೋ ಕಥೆ

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ ಈ ಸಂಚಿಕೆಯ ಬರಹರೂಪ ಇಲ್ಲಿದೆ.

ಇವತ್ತು ಒಂದು ಸಂಖ್ಯೆಯಿಂದ ಶುರು ಮಾಡ್ತೀನಿ. 2021ರ ಜುಲೈ 11ರಂದು ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಅನ್ನೋ ಹರಾಜು ಸಂಸ್ಥೆಯಲ್ಲಿ ಒಂದು ಹಳೇ ವಿಡಿಯೊ ಗೇಮ್ ಹರಾಜಾಯಿತು. ಹೆಸರು ‘ಸೂಪರ್ ಮಾರಿಯೊ 64’, ನಿಂಟೆಂಡೊ 64 ಕನ್ಸೋಲ್‌ಗೆ 1996ರಲ್ಲಿ ಬಂದಿದ್ದ ಗೇಮ್. ಹೋದ ಬೆಲೆ 15 ಲಕ್ಷ 60 ಸಾವಿರ ಡಾಲರ್. ಆಗಿನ ಲೆಕ್ಕದಲ್ಲಿ ನಮ್ಮ ದುಡ್ಡಿಗೆ 11 ಕೋಟಿ ರೂಪಾಯಿಗೂ ಜಾಸ್ತಿ.

ಇದೇನು ಜಗತ್ತಲ್ಲಿ ಒಂದೇ ಒಂದು ಇರೋ ವಸ್ತು ಅಲ್ಲ. ಆ ಗೇಮ್ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟ ಆಗಿದೆ. ಹರಾಜಾದ ಪ್ರತಿಯಲ್ಲಿ ಇದ್ದ ವಿಶೇಷ ಒಂದೇ. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನ ಯಾರೂ ಬಿಚ್ಚಿರಲಿಲ್ಲ. ಅಂದ್ರೆ ಆ ಪ್ರತಿಯನ್ನ ಯಾವತ್ತೂ ಯಾರೂ ಆಡಿಯೇ ಇಲ್ಲ.

ಅದೇ ಕನ್ಸೋಲ್‌ನ ಇನ್ನೊಂದು ಗೇಮ್ ನನಗೆ ಇಷ್ಟ. ಹೆಸರು ‘ಗೋಲ್ಡನ್‌ಐ 007’. ಜೇಮ್ಸ್ ಬಾಂಡ್ ಆಗಿ ಗನ್ ಹಿಡಿದು, ಗೂಢಚಾರಿ ಕೆಲಸ ಮಾಡೋ ಶೂಟಿಂಗ್ ಗೇಮ್. ಡಬ್ಬಿ ಇಲ್ಲದ, ಆಡಿ ಆಡಿ ಸವೆದ ಪ್ರತಿ ಅಮೆರಿಕದಲ್ಲಿ ಸುಮಾರು ಇಪ್ಪತ್ತು–ಮೂವತ್ತು ಡಾಲರ್‌ಗೆ ಸಿಗುತ್ತೆ. ಅದೇ ಗೇಮ್‌ನ ಸೀಲ್ ಒಡೆಯದ ಪ್ರತಿಗೆ ಅದರ ಎಷ್ಟೋ ಪಟ್ಟು ಬೆಲೆ. ಎರಡರ ಒಳಗಿರೋ ಗೇಮ್ ಒಂದೇ. ಹಾಗಾದ್ರೆ ಈ ಬೆಲೆ ಯಾವುದಕ್ಕೆ? ಇತಿಹಾಸದಲ್ಲಿ ಒಂದು ವಸ್ತು ‘ಅಮೂಲ್ಯ’ ಆಗೋದು ಹೇಗೆ? ಇದನ್ನ ಇವತ್ತು ಬಿಡಿಸಿ ನೋಡೋಣ.

ಒಂದು ಮನೆಯ ಹೆಸರು

ಮೊದಲು ಹೆಸರಿನ ಕಥೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಇಯಾನ್ ಫ್ಲೆಮಿಂಗ್ ಅನ್ನೋ ಅಧಿಕಾರಿ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದರು. ಸ್ಪೇನ್ ಏನಾದ್ರೂ ಜರ್ಮನಿಯ ಜೊತೆ ಸೇರಿಕೊಂಡ್ರೆ ಏನು ಮಾಡಬೇಕು ಅಂತ ಒಂದು ಯೋಜನೆ ಮಾಡಿದ್ದರು. ಅದರ ಗುಪ್ತನಾಮ ‘ಗೋಲ್ಡನ್‌ಐ’. ಯುದ್ಧ ಮುಗಿದ ಮೇಲೆ ಫ್ಲೆಮಿಂಗ್ ಜಮೈಕಾದಲ್ಲಿ ಸಮುದ್ರದ ಪಕ್ಕ ಒಂದು ಮನೆ ಕಟ್ಟಿಸಿಕೊಂಡು, ಅದಕ್ಕೂ ಅದೇ ಹೆಸರಿಟ್ಟರು. ಅಲ್ಲೇ ಕೂತು ಬಾಂಡ್ ಕಾದಂಬರಿಗಳನ್ನ ಬರೆದರು. ಮೊದಲನೆಯದು ‘ಕ್ಯಾಸಿನೊ ರಾಯಲ್’, 1953ರಲ್ಲಿ ಪ್ರಕಟವಾಯಿತು.

1995ರ ನವೆಂಬರ್‌ನಲ್ಲಿ ಅದೇ ಹೆಸರಿನ ಸಿನಿಮಾ ಬಂತು. ಇದು ಫ್ಲೆಮಿಂಗ್ ಬರೆದ ಕಥೆ ಅಲ್ಲ, ಹೆಸರು ಮಾತ್ರ ಅವರ ಮನೆಯದು. ನಿರ್ದೇಶಕ ಮಾರ್ಟಿನ್ ಕ್ಯಾಂಪ್‌ಬೆಲ್, ಬಾಂಡ್ ಆಗಿ ಪಿಯರ್ಸ್ ಬ್ರಾಸ್ನನ್. ಅದಕ್ಕೂ ಮೊದಲು ಆರು ವರ್ಷ ಒಂದೂ ಬಾಂಡ್ ಸಿನಿಮಾ ಬಂದಿರಲಿಲ್ಲ. ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ ಈ ಗೂಢಚಾರಿಗೆ ಇನ್ನೇನು ಕೆಲಸ ಅಂತ ಜನ ಕೇಳ್ತಿದ್ದ ಕಾಲ ಅದು. ಸಿನಿಮಾ ದೊಡ್ಡ ಹಿಟ್ ಆಯಿತು.

ಈಗ ಗೇಮ್‌ಗೆ ಬರೋಣ.

ಹಳ್ಳಿಯ ಫಾರ್ಮ್‌ಹೌಸ್, ಅನುಭವ ಇಲ್ಲದ ಹುಡುಗರು

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಟ್ವೈಕ್ರಾಸ್ ಅಂತ ಒಂದು ಹಳ್ಳಿ. ಅಲ್ಲಿ ಒಂದು ಫಾರ್ಮ್‌ಹೌಸ್‌ನಲ್ಲಿ ‘ರೇರ್’ ಅನ್ನೋ ಕಂಪನಿ ಇತ್ತು. ಕಟ್ಟಿದವರು ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಅನ್ನೋ ಅಣ್ಣತಮ್ಮಂದಿರು. 1994ರಲ್ಲಿ ನಿಂಟೆಂಡೊಗೆ ಅಂತ ‘ಡಾಂಕಿ ಕಾಂಗ್ ಕಂಟ್ರಿ’ ಮಾಡಿ ಹೆಸರು ಮಾಡಿದ್ದರು. ಆಮೇಲೆ ಅವರ ಕೈಗೆ ಬಾಂಡ್ ಸಿನಿಮಾದ ಗೇಮ್ ಬಂತು.

ಮೊದಲ ಯೋಚನೆ ಇದ್ದದ್ದು ಹಳೇ ಸೂಪರ್ ನಿಂಟೆಂಡೊ ಕನ್ಸೋಲ್‌ಗೆ ಪಕ್ಕದಿಂದ ಕಾಣೋ ಸಾದಾ ಗೇಮ್ ಮಾಡೋದು. ಮಾರ್ಟಿನ್ ಹಾಲಿಸ್ ಅನ್ನೋ ಯುವ ಪ್ರೋಗ್ರಾಮರ್, ಬೇಡ, ಮುಂದೆ ಬರಲಿರೋ 64-ಬಿಟ್ ಯಂತ್ರಕ್ಕೆ 3ಡಿಯಲ್ಲಿ ಮಾಡೋಣ ಅಂದರು. ಅವರೇ ತಂಡದ ಮುಖ್ಯಸ್ಥರಾದರು. ತಂಡ ಅಂದ್ರೆ ಹೆಚ್ಚುಕಮ್ಮಿ ಹತ್ತು ಜನ. ಅವರಲ್ಲಿ ಬಹುತೇಕರಿಗೆ ಅದೇ ಮೊದಲ ಗೇಮ್.

ಈ ಹುಡುಗರು ಲೀವ್ಸ್‌ಡನ್‌ನಲ್ಲಿದ್ದ ಸಿನಿಮಾ ಸೆಟ್‌ಗೆ ಹೋಗಿ ಫೋಟೊ ತೆಗೆದುಕೊಂಡು, ನಕ್ಷೆಗಳನ್ನ ತಂದುಕೊಂಡರು. ಸಿನಿಮಾದಲ್ಲಿ ಕ್ಯಾಮೆರಾ ತೋರಿಸದ ಮೂಲೆಗಳನ್ನ ತಾವೇ ಊಹಿಸಿ ಕಟ್ಟಿದರು. ಮೊದಲಿಗೆ ಸೆಗಾ ಕಂಪನಿಯ ‘ವರ್ಚುವಾ ಕಾಪ್’ ಥರ, ಹಳಿ ಮೇಲೆ ಹೋದ ಹಾಗೆ ಗೇಮೇ ನಿಮ್ಮನ್ನ ಕರ್ಕೊಂಡು ಹೋಗೋ ಶೂಟಿಂಗ್ ಮಾಡೋ ಆಲೋಚನೆ ಇತ್ತು. ಆಮೇಲೆ ಆ ಹಳಿ ಬಿಟ್ಟು, ಆಟಗಾರ ತನಗೆ ಬೇಕಾದ ಕಡೆ ತಿರುಗಾಡೋ ಹಾಗೆ ಬದಲಾಯಿಸಿದರು.

ಇದರಿಂದ ಏನಾಯಿತು ಗೊತ್ತಾ? ಕಂಡವರಿಗೆಲ್ಲ ಗುಂಡು ಹಾರಿಸೋ ಗೇಮ್ ಹೋಗಿ, ನಿಜವಾದ ಗೂಢಚಾರಿ ಗೇಮ್ ಬಂತು. ಜೋರಾಗಿ ಗುಂಡು ಹಾರಿಸಿದ್ರೆ ಪಕ್ಕದ ಕೋಣೆಯ ಕಾವಲುಗಾರನಿಗೆ ಕೇಳಿಸುತ್ತೆ. ಸೈಲೆನ್ಸರ್ ಇರೋ ಪಿಸ್ತೂಲಲ್ಲಿ ಹೊಡೆದ್ರೆ ಕೇಳಿಸಲ್ಲ. ದೂರದಿಂದ ಸ್ನೈಪರ್‌ನಲ್ಲಿ ಜೂಮ್ ಮಾಡಿ ನೋಡಬಹುದು. ಕಾಲಿಗೆ ಗುಂಡು ಬಿದ್ರೆ ಎದುರಾಳಿ ಕಾಲು ಹಿಡ್ಕೊಂಡು ಕುಂಟ್ತಾನೆ. ಮೊದಲ ಹಂತ ಅಣೆಕಟ್ಟು. ಸಿನಿಮಾದಲ್ಲಿ ಸ್ವಿಟ್ಜರ್ಲೆಂಡಿನ ವೆರ್ಜಾಸ್ಕಾ ಅಣೆಕಟ್ಟಿನಿಂದ ಬಾಂಡ್ ಹಗ್ಗ ಕಟ್ಟಿಕೊಂಡು ಹಾರ್ತಾನಲ್ಲ, ಅದೇ. ಸುಲಭದ ಮಟ್ಟದಲ್ಲಿ ತುದಿಗೆ ಓಡಿಹೋಗಿ ಹಾರಿದ್ರೆ ಸಾಕು. ಕಷ್ಟದ ಮಟ್ಟಕ್ಕೆ ಹೋದ್ರೆ ಅಲಾರ್ಮ್‌ಗಳನ್ನೆಲ್ಲ ಒಡೆಯಬೇಕು, ಮಾಹಿತಿ ಕದಿಯಬೇಕು, ಆಮೇಲೆ ಹಾರಬೇಕು. ಜಾಗ ಅದೇ, ಕೆಲಸ ಮಾತ್ರ ಬೆಳೀತಾ ಹೋಗುತ್ತೆ.

ನಿಂಟೆಂಡೊದ ಶಿಗೆರು ಮಿಯಾಮೊಟೊ, ಅಂದ್ರೆ ಮಾರಿಯೊನ ಹುಟ್ಟಿಸಿದವರು, ಗೇಮ್ ನೋಡಿ ಒಂದು ಫ್ಯಾಕ್ಸ್ ಕಳಿಸಿದ್ದರು ಅಂತ ಹಾಲಿಸ್ ಮುಂದೆ ಹೇಳಿಕೊಂಡಿದ್ದಾರೆ. ಹತ್ತಿರದಿಂದ ಕೊಲ್ಲೋದು ತುಂಬಾ ಆಯಿತು, ಕೊನೆಗೆ ಬಾಂಡ್ ಆಸ್ಪತ್ರೆಗೆ ಹೋಗಿ ಎಲ್ಲ ಶತ್ರುಗಳ ಕೈ ಕುಲುಕಿದ್ರೆ ಹೇಗೆ ಅನ್ನೋದು ಅದರಲ್ಲಿದ್ದ ಸಲಹೆ. ಅದನ್ನ ಹಾಗೇ ಮಾಡಲಿಲ್ಲ. ಆದ್ರೆ ಸಿನಿಮಾದ ಟೈಟಲ್ ಕಾರ್ಡ್ ಥರ ಪಾತ್ರಗಳನ್ನ ಒಬ್ಬೊಬ್ಬರಾಗಿ ಪರಿಚಯಿಸಿದರು. ಇವರೆಲ್ಲ ನಟರು ಕಣಯ್ಯ, ಇದು ಆಟ, ಅನ್ನೋ ಹಾಗೆ.

ಇಷ್ಟೆಲ್ಲ ಮುಗಿಯೋಕೆ ಎರಡೂವರೆ ವರ್ಷ ಹಿಡೀತು. ಗೇಮ್ ಅಮೆರಿಕದ ಅಂಗಡಿಗೆ ಬಂದದ್ದು 1997ರ ಆಗಸ್ಟ್ 25ಕ್ಕೆ. ಆಗ ಸಿನಿಮಾ ಥಿಯೇಟರ್ ಬಿಟ್ಟು ಎಷ್ಟೋ ಕಾಲ ಆಗಿತ್ತು. ಸಿನಿಮಾ ಆಧಾರಿತ ಗೇಮ್ ಸಿನಿಮಾ ಜೊತೆಗೇ ಬರದಿದ್ರೆ ಮುಗೀತು ಅನ್ನೋದು ಆ ಉದ್ಯಮದ ಲೆಕ್ಕಾಚಾರ. ಈ ಗೇಮ್ ಆ ಲೆಕ್ಕವನ್ನ ತಲೆಕೆಳಗು ಮಾಡಿತು. 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟ ಆಯಿತು. ನಿಂಟೆಂಡೊ 64 ಕನ್ಸೋಲ್ ಒಟ್ಟು ಮಾರಾಟ ಆಗಿದ್ದು ಸುಮಾರು 3 ಕೋಟಿ 30 ಲಕ್ಷ. ಅಂದ್ರೆ ಸರಾಸರಿ ನಾಲ್ಕು ಕನ್ಸೋಲ್‌ಗೆ ಒಂದರಂತೆ ಈ ಗೇಮ್ ಹೋಗಿದೆ. 1998ರಲ್ಲಿ ಬಾಫ್ಟಾ ಪ್ರಶಸ್ತಿಯೂ ಬಂತು.

ನಾಲ್ಕು ಜನ, ಒಂದು ಟೀವಿ

ಆದ್ರೆ ಜನ ಇವತ್ತಿಗೂ ಈ ಗೇಮ್ ನೆನೆಸಿಕೊಳ್ಳೋದು ಬಾಂಡ್ ಕಥೆಗೆ ಅಲ್ಲ. ನಾಲ್ಕು ಜನ ಒಟ್ಟಿಗೆ ಆಡಬಹುದಿತ್ತಲ್ಲ, ಅದಕ್ಕೆ.

ನಿಂಟೆಂಡೊ 64ಕ್ಕೆ ಮುಂದುಗಡೆಯೇ ನಾಲ್ಕು ಕಂಟ್ರೋಲರ್ ಸಿಕ್ಕಿಸೋ ಜಾಗ ಇತ್ತು. ಟೀವಿ ಪರದೆಯನ್ನ ನಾಲ್ಕು ಭಾಗ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಮೂಲೆ. ಪಕ್ಕದವನು ಎಲ್ಲಿದ್ದಾನೆ ಅಂತ ಅವನ ಮೂಲೆ ಇಣುಕಿ ನೋಡಿದ್ರೆ ಗೊತ್ತಾಗಿಬಿಡುತ್ತೆ. ಅದಕ್ಕೇ ಜಗಳ. ‘ಆಡ್‌ಜಾಬ್’ ಅನ್ನೋ ಪಾತ್ರ ಕುಳ್ಳ, ಅವನಿಗೆ ಗುರಿ ಇಡೋದು ಕಷ್ಟ. ಹಾಗಾಗಿ ಅವನನ್ನ ಯಾರೂ ತಗೋಬಾರದು ಅನ್ನೋದು ಗೆಳೆಯರ ಗುಂಪುಗಳ ಅಲಿಖಿತ ಕಾನೂನು. ‘ಕ್ಲಾಬ್’ ಅಂತ ಒಂದು ಗನ್ ಇತ್ತು, ಗುರಿಗೆ ತಾಗಿದ್ರೆ ಪುಣ್ಯ. ಆ ಹೆಸರು ನಿಂಟೆಂಡೊದಲ್ಲಿದ್ದ ಕೆನ್ ಲಾಬ್ ಅವರಿಂದ ಬಂದದ್ದು.

ಈ ನಾಲ್ಕು ಜನರ ಆಟ ಮೂಲ ಯೋಜನೆಯಲ್ಲೇ ಇರಲಿಲ್ಲ. ಗೇಮ್ ಬಿಡುಗಡೆಗೆ ಕೆಲವೇ ತಿಂಗಳು ಇದ್ದಾಗ, ಸ್ಟೀವ್ ಎಲ್ಲಿಸ್ ಅನ್ನೋ ಪ್ರೋಗ್ರಾಮರ್ ಕೂತು ಅದನ್ನ ಸೇರಿಸಿದರು. ಕಡೇ ಗಳಿಗೆಯಲ್ಲಿ ಸೇರಿದ ಭಾಗವೇ ಗೇಮ್‌ನ ಜೀವ ಆಯಿತು.

ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಈ ವಸ್ತುವಿನ ನಿಜವಾದ ಬೆಲೆ ಹುಟ್ಟಿದ್ದು ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು ಕೂಗಾಡಿದಾಗ. ಈಗ ಸಂಗ್ರಾಹಕರ ಮಾರುಕಟ್ಟೆ ಇದಕ್ಕೆ ಹೇಗೆ ಬೆಲೆ ಕಟ್ಟುತ್ತೆ ಅಂತ ನೋಡೋಣ.

‘ಅಣ್ಣಾ, ತಗೊಳ್ಳಲಾ?’

ಅಮೆರಿಕದ ಒಹಾಯೊದಲ್ಲಿ ಓದ್ತಿರೋ ನಮ್ಮ ಚಿಕ್ಕಪ್ಪನ ಮಗ ಒಂದು ಶನಿವಾರ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ. ಯಾರದೋ ಮನೆ ಮುಂದೆ ಹಳೇ ಸಾಮಾನು ಮಾರ್ತಿದ್ದಾರೆ, ಟೇಬಲ್ ಮೇಲೆ ಬೂದು ಬಣ್ಣದ ಕಾರ್ಟ್ರಿಜ್. ಕಾರ್ಟ್ರಿಜ್ ಅಂದ್ರೆ ನಾವು ಟೀವಿ ಗೇಮ್ ‘ಕ್ಯಾಸೆಟ್’ ಅಂತಿದ್ವಲ್ಲ, ಅದೇ. ಕೆಳಗೆ ಅವನ ಮೆಸೇಜು: ‘ಅಣ್ಣಾ, 25 ಡಾಲರ್ ಹೇಳ್ತಿದಾರೆ. ತಗೊಳ್ಳಲಾ?’

ನಾನು ಕೇಳಿದೆ: ‘ಡಬ್ಬಿ ಇದೆಯೇನೋ?’

‘ಇಲ್ಲಣ್ಣ, ಬರೀ ಕ್ಯಾಸೆಟ್ಟು.’

ಬೆಲೆಯ ಅರ್ಧ ಕಥೆ ಈ ಒಂದು ಪ್ರಶ್ನೆಯಲ್ಲೇ ಇದೆ. ಸಂಗ್ರಾಹಕರು ಒಂದೇ ಗೇಮನ್ನ ಮೂರು ಮೆಟ್ಟಿಲಲ್ಲಿ ಇಟ್ಟು ನೋಡ್ತಾರೆ. ಮೊದಲನೆಯದು ‘ಲೂಸ್’, ಅಂದ್ರೆ ಬರೀ ಕಾರ್ಟ್ರಿಜ್. ಎರಡನೆಯದು ‘ಕಂಪ್ಲೀಟ್ ಇನ್ ಬಾಕ್ಸ್’. ಡಬ್ಬಿ, ಒಳಗಿನ ಕೈಪಿಡಿ, ಚೀಟಿಗಳು ಎಲ್ಲ ಇರಬೇಕು. ಮೂರನೆಯದು ‘ಸೀಲ್ಡ್’, ಅಂಗಡಿಯಿಂದ ತಂದ ಹಾಗೇ ಇರೋದು. ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ಬೆಲೆ ಜಿಗಿಯುತ್ತೆ.

ಯಾಕೆ? ಕಾರಣ ರಟ್ಟು. ನಿಂಟೆಂಡೊ 64ರ ಕಾರ್ಟ್ರಿಜ್ ಗಟ್ಟಿ ಪ್ಲಾಸ್ಟಿಕ್, ಕೈ ಜಾರಿ ಬಿದ್ರೂ ಸುಲಭಕ್ಕೆ ಏನೂ ಆಗಲ್ಲ. ಆದ್ರೆ ಅದರ ಡಬ್ಬಿ ತೆಳು ರಟ್ಟಿನದು. ಹುಟ್ಟುಹಬ್ಬಕ್ಕೆ ಗೇಮ್ ಸಿಕ್ಕಿದ ಹುಡುಗ ಏನು ಮಾಡ್ತಾನೆ? ಡಬ್ಬಿ ಹರಿದು ಬಿಸಾಕಿ ಕಾರ್ಟ್ರಿಜ್ ಸಿಕ್ಕಿಸ್ತಾನೆ. ಅಮ್ಮ ಆ ರಟ್ಟನ್ನ ಕಸಕ್ಕೆ ಹಾಕ್ತಾಳೆ. ಹೀಗೆ 80 ಲಕ್ಷ ಗೇಮ್ ಮಾರಾಟ ಆದ್ರೂ, ಮಡಿಕೆ ಬೀಳದ ಡಬ್ಬಿ ಉಳಿದದ್ದು ಕಮ್ಮಿ. ಗೇಮ್ ಅಪರೂಪ ಅಲ್ಲ, ರಟ್ಟು ಅಪರೂಪ.

ಡಬ್ಬಿಯಲ್ಲೂ ಭೇದ ಇದೆ. ಚೆನ್ನಾಗಿ ಮಾರಾಟ ಆದ ಗೇಮ್‌ಗಳನ್ನ ನಿಂಟೆಂಡೊ ಆಮೇಲೆ ‘ಪ್ಲೇಯರ್ಸ್ ಚಾಯ್ಸ್’ ಅನ್ನೋ ಪಟ್ಟಿ ಹಾಕಿ ಮತ್ತೆ ಅಂಗಡಿಗೆ ಬಿಟ್ಟಿತು. ಗೋಲ್ಡನ್‌ಐ ಕೂಡ ಹಾಗೆ ಬಂತು. ಒಳಗಿನ ಆಟ ಅದೇ, ಆದ್ರೂ ಸಂಗ್ರಾಹಕರು ಸಾಮಾನ್ಯವಾಗಿ ಆ ಪಟ್ಟಿ ಇಲ್ಲದ ಮೊದಲಿನ ಡಬ್ಬಿಯನ್ನೇ ಹೆಚ್ಚು ಇಷ್ಟಪಡ್ತಾರೆ. ಹಳೇ ಪುಸ್ತಕದಲ್ಲಿ ಮೊದಲ ಮುದ್ರಣಕ್ಕೆ ಜನ ಮುಗಿಬೀಳೋ ಹಾಗೆ.

ದೇಶವೂ ಲೆಕ್ಕಕ್ಕೆ ಬರುತ್ತೆ. ಬ್ರಿಟನ್ನಿನ ಪ್ರತಿ ಅಮೆರಿಕದ ಕನ್ಸೋಲ್‌ನಲ್ಲಿ ಓಡಲ್ಲ, ಒಳಗೆ ತಡೆಯೋ ಚಿಪ್ ಇದೆ. ಜಪಾನಿನ ಪ್ರತಿಯ ಪ್ಲಾಸ್ಟಿಕ್ ಆಕಾರವೇ ಬೇರೆ, ಅಮೆರಿಕದ ಯಂತ್ರಕ್ಕೆ ಸರಿಯಾಗಿ ಕೂರಲ್ಲ.

ಮತ್ತೆ ನಕಲಿ. ಹಳೇ ಗೇಮ್‌ಗೆ ಬೆಲೆ ಬಂದ ಕೂಡಲೇ ಹೊಸದಾಗಿ ಮಾಡಿದ ‘ಹಳೇ’ ಗೇಮ್‌ಗಳೂ ಬಂದವು. ನಾನು ಹುಡುಗನಿಗೆ ಹೇಳಿದ್ದು ಇಷ್ಟು. ಲೇಬಲ್ ಮೇಲಿನ ಅಕ್ಷರ ಮಸುಕಾಗಿದೆಯಾ ನೋಡು. ಹಿಂದಿನ ಸ್ಕ್ರೂ ನಮ್ಮ ಮಾಮೂಲಿ ಸ್ಕ್ರೂಡ್ರೈವರ್‌ಗೆ ಬಗ್ಗೋ ಥರದ್ದಾದ್ರೆ ಅನುಮಾನ ಪಡು, ಅಸಲಿಗೆ ವಿಶೇಷ ಬಿಟ್ ಬೇಕು. ಬಿಚ್ಚಿ ನೋಡೋಕೆ ಆದ್ರೆ, ಒಳಗಿನ ಬೋರ್ಡ್ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿದೆಯಾ ನೋಡು. ಇನ್ನೊಂದು ಮುಖ್ಯ ಸುಳಿವು ಬ್ಯಾಟರಿ. ಆ ಕಾಲದ ಕೆಲವು ಗೇಮ್‌ಗಳಲ್ಲಿ ನೀವು ಆಡಿ ಉಳಿಸಿದ್ದನ್ನ ಹಿಡಿದಿಡೋಕೆ ಒಂದು ಪುಟ್ಟ ಬ್ಯಾಟರಿ ಇರ್ತಿತ್ತು. ಅದು ಸತ್ರೆ ನಿಮ್ಮ ಸೇವ್ ಹೋಯಿತು. ಗೋಲ್ಡನ್‌ಐಯಲ್ಲಿ ಬ್ಯಾಟರಿ ಇಲ್ಲ. ಅರ್ಧ ಕಿಲೋಬೈಟ್‌ನಷ್ಟು ಜಾಗ ಇರೋ ಒಂದು ಸಣ್ಣ ಚಿಪ್ ಆ ಕೆಲಸ ಮಾಡುತ್ತೆ, ಅದಕ್ಕೆ ಕರೆಂಟ್ ಬೇಡ.

ಇದರ ಅರ್ಥ ಏನು ಅಂದ್ರೆ, 1997ರಲ್ಲಿ ಯಾರೋ ಒಬ್ಬ ಹುಡುಗ ಅಣೆಕಟ್ಟು ದಾಟಿ ಉಳಿಸಿದ ಆಟ ಇವತ್ತಿಗೂ ಅಲ್ಲೇ ಇರಬಹುದು.

ಇತ್ತು. ನಮ್ಮ ಹುಡುಗ ಗೇಮ್ ತಂದು, ರೂಮ್‌ಮೇಟ್‌ನ ಹಳೇ ಕನ್ಸೋಲ್‌ಗೆ ಹಾಕಿದಾಗ ಮೊದಲ ಫೈಲ್‌ನಲ್ಲಿ ಯಾರೋ ಅರ್ಧ ಆಟ ಮುಗಿಸಿದ್ದರು. ‘ಅಳಿಸಲಾ?’ ಅಂತ ಕೇಳಿದ. ಬೇಡ ಕಣೋ, ನೀನು ಎರಡನೇ ಫೈಲಲ್ಲಿ ಆಡು ಅಂದೆ. ಮಾರುಕಟ್ಟೆಯಲ್ಲಿ ಆ ಫೈಲ್‌ಗೆ ಒಂದು ಪೈಸೆ ಬೆಲೆ ಇಲ್ಲ. ಇತಿಹಾಸ ಓದೋ ನನಗೆ ಆ 25 ಡಾಲರ್‌ನಲ್ಲಿ ಸಿಕ್ಕಿದ ಅತಿ ಬೆಲೆಬಾಳೋ ವಸ್ತು ಅದೇ.

ಆಡದೇ ಇದ್ದದ್ದಕ್ಕೆ ಬಹುಮಾನ

ಈಗ ಮತ್ತೆ ಆ 11 ಕೋಟಿ ಕಡೆ ಹೋಗೋಣ. 2018ರಲ್ಲಿ ‘ವಾಟಾ ಗೇಮ್ಸ್’ ಅನ್ನೋ ಕಂಪನಿ ಶುರುವಾಯಿತು. ನಿಮ್ಮ ಗೇಮ್ ಡಬ್ಬಿ ಕಳಿಸಿದ್ರೆ, ಅದರ ಸ್ಥಿತಿ ನೋಡಿ 10ಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ವಾಪಸ್ ಕೊಡುತ್ತೆ. ಹೊದಿಕೆಗೆ ಬೇರೆ ಅಂಕ. ಹರಾಜಾದ ಆ ಮಾರಿಯೊಗೆ ಸಿಕ್ಕಿದ್ದು 9.8, ಹೊದಿಕೆಗೆ ಎ ಪ್ಲಸ್ ಪ್ಲಸ್.

ಒಮ್ಮೆ ಆ ಪೆಟ್ಟಿಗೆಗೆ ಹೋದ ಗೇಮನ್ನ ಆಡೋ ಹಾಗಿಲ್ಲ, ಒಡೆದ್ರೆ ಅಂಕ ಹೋಯಿತು. ಅದು ಷೇರು ಸರ್ಟಿಫಿಕೇಟ್ ಥರ ಆಗಿಬಿಡುತ್ತೆ. 2021ರಲ್ಲಿ ದಾಖಲೆ ಮೇಲೆ ದಾಖಲೆ. ಜುಲೈ 9ಕ್ಕೆ ‘ಲೆಜೆಂಡ್ ಆಫ್ ಜೆಲ್ಡಾ’ 8 ಲಕ್ಷ 70 ಸಾವಿರ ಡಾಲರ್. ಎರಡೇ ದಿನಕ್ಕೆ ಮಾರಿಯೊ. ಆಗಸ್ಟ್‌ನಲ್ಲಿ ಇನ್ನೊಂದು ಮಾರಿಯೊ ಗೇಮ್ 20 ಲಕ್ಷ ಡಾಲರ್.

ಅದೇ ಆಗಸ್ಟ್‌ನಲ್ಲಿ ಕಾರ್ಲ್ ಜೋಬ್ಸ್ಟ್ ಅನ್ನೋ ಆಸ್ಟ್ರೇಲಿಯಾದ ಯೂಟ್ಯೂಬರ್ ಒಂದು ವಿಡಿಯೊ ಹಾಕಿದರು. ಅಂಕ ಕೊಡೋರು, ಹರಾಜು ಹಾಕೋರು ಪರಸ್ಪರ ಹತ್ತಿರದವರು, ಸೇರಿ ಬೆಲೆ ಏರಿಸ್ತಿದ್ದಾರೆ ಅನ್ನೋದು ಅವರ ಆರೋಪ. ಎರಡೂ ಸಂಸ್ಥೆಗಳು ಇದನ್ನ ಅಲ್ಲಗಳೆದವು. 2022ರಲ್ಲಿ ಕೆಲವು ಗ್ರಾಹಕರು ವಾಟಾ ವಿರುದ್ಧ ಅಮೆರಿಕದ ಕೋರ್ಟಿಗೂ ಹೋದರು. ಅಷ್ಟರಲ್ಲಿ ಮಾರುಕಟ್ಟೆಯ ಬಿಸಿ ಇಳೀತಾ ಬಂದಿತ್ತು.

ಈ ಜೋಬ್ಸ್ಟ್ ಯಾರು ಗೊತ್ತಾ? ಗೋಲ್ಡನ್‌ಐ ಆಟಗಾರ. ಆ ಅಣೆಕಟ್ಟಿನ ಹಂತವನ್ನ ಅತಿ ಬೇಗ ಮುಗಿಸೋದಕ್ಕೆ ಜಗತ್ತಿನಾದ್ಯಂತ ಸ್ಪರ್ಧೆ ಇದೆ. 15 ವರ್ಷ ಯಾರಿಗೂ 53 ಸೆಕೆಂಡ್‌ಗಿಂತ ಕೆಳಗೆ ಹೋಗೋಕೆ ಆಗಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಇವರು 52ಕ್ಕೆ ಮುಗಿಸಿದರು. ಒಂದೇ ಒಂದು ಸೆಕೆಂಡ್‌ಗೋಸ್ಕರ ಹದಿನೈದು ವರ್ಷ ಜನ ಒಂದೇ ದಾರಿಯಲ್ಲಿ ಓಡಿದ್ದಾರೆ. ಸೀಲ್ ಒಡೆಯದ ಡಬ್ಬಿಗೆ ಕೋಟಿ ಕೊಡೋದು ಒಂದು ಥರದ ಪ್ರೀತಿ ಅಂತಾದ್ರೆ, ಇದು ಇನ್ನೊಂದು ಥರದ್ದು. ನನಗೆ ಯಾವುದು ಹತ್ತಿರ ಅಂತ ನಿಮಗೆ ಗೊತ್ತಾಗಿರಬೇಕು.

25 ವರ್ಷ ಮುಚ್ಚಿದ್ದ ಬಾಗಿಲು

ಸಂಗ್ರಹ ಅನ್ನೋದು ಬರೀ ದುಡ್ಡಿನ ಮಾತಲ್ಲ ಅಂತ ನಾನು ಯಾಕೆ ಹೇಳ್ತೀನಿ ಅಂದ್ರೆ, ಈ ಗೇಮ್ ಬಹಳ ಕಾಲ ಬೇರೆಲ್ಲೂ ಸಿಗ್ತಿರಲಿಲ್ಲ.

ಕಾರಣ ಹಕ್ಕುಗಳ ಗೋಜಲು. ಬಾಂಡ್ ಹೆಸರು ಸಿನಿಮಾದವರದ್ದು. ಗೇಮ್ ಬಿಟ್ಟಿದ್ದು ನಿಂಟೆಂಡೊ. ಮಾಡಿದ್ದು ರೇರ್. 2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರ್ ಕೊಟ್ಟು ರೇರ್ ಅನ್ನೇ ಕೊಂಡುಕೊಂಡಿತು. ಈಗ ಒಂದು ಗೇಮ್‌ನ ಮೇಲೆ ಪರಸ್ಪರ ಪೈಪೋಟಿಯಲ್ಲಿರೋ ಎರಡು ಕನ್ಸೋಲ್ ಕಂಪನಿಗಳ ಕೈ, ಜೊತೆಗೆ ಸಿನಿಮಾದವರ ಕೈ. ಬಾಂಡ್ ಗೇಮ್ ಮಾಡೋ ಪರವಾನಗಿ ಅಷ್ಟರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ಗೆ, ಆಮೇಲೆ ಆಕ್ಟಿವಿಷನ್‌ಗೆ ಹೋಗಿತ್ತು. 2010ರಲ್ಲಿ ಇದೇ ಹೆಸರಲ್ಲಿ ಹೊಸ ಗೇಮ್ ಬಂತು, ಆದ್ರೆ ಅದು ಬೇರೆ ಗೇಮ್, ಬಾಂಡ್ ಆಗಿ ಡೇನಿಯಲ್ ಕ್ರೇಗ್.

ಮೂಲ ಗೇಮನ್ನೇ ಚೆನ್ನಾಗಿ ತಿದ್ದಿ ಎಕ್ಸ್‌ಬಾಕ್ಸ್‌ಗೆ ತರೋ ಕೆಲಸವನ್ನ ರೇರ್ 2007ರ ಸುಮಾರಿಗೆ ಮಾಡಿತ್ತು. ಒಪ್ಪಂದ ಕುದುರಲಿಲ್ಲ, ಬಹುಪಾಲು ಸಿದ್ಧವಾಗಿದ್ದ ಗೇಮ್ ಹಾಗೇ ಮೂಲೆ ಸೇರಿತು. 2021ರಲ್ಲಿ ಯಾರೋ ಅದನ್ನ ಇಂಟರ್ನೆಟ್‌ಗೆ ಸೋರಿಸಿದರು. ಅಧಿಕೃತವಾಗಿ ಮೂಲ ಗೇಮ್ ಮತ್ತೆ ಬಂದದ್ದು 2023ರ ಜನವರಿ 27ಕ್ಕೆ. ಒಂದೇ ದಿನ ನಿಂಟೆಂಡೊ ಸ್ವಿಚ್‌ಗೂ ಬಂತು, ಎಕ್ಸ್‌ಬಾಕ್ಸ್‌ಗೂ ಬಂತು. ಎರಡೂ ಕಡೆ ಮುಖ್ಯವಾಗಿ ಚಂದಾದಾರರಿಗೆ.

1997ರಿಂದ 2023. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ಗೇಮನ್ನ ನ್ಯಾಯವಾಗಿ ಆಡಬೇಕು ಅಂದ್ರೆ ದಾರಿ ಒಂದೇ, ಆ ಬೂದು ಕಾರ್ಟ್ರಿಜ್. ಅದನ್ನ ಎಸೆಯದೆ ಇಟ್ಟುಕೊಂಡ ಜನರೇ ಇತಿಹಾಸವನ್ನ ಕಾಪಾಡಿದರು. ಯಾವ ಕಂಪನಿಯೂ ಅಲ್ಲ.

ಅವರು ಕಾಪಾಡಿದ್ದರಲ್ಲಿ ಅವರಿಗೇ ಗೊತ್ತಿಲ್ಲದ ವಸ್ತುವೂ ಇತ್ತು. ಈ ಕಾರ್ಟ್ರಿಜ್‌ನ ಒಟ್ಟು ಗಾತ್ರ 12 ಎಂಬಿ. ನಿಮ್ಮ ಫೋನಲ್ಲಿ ತೆಗೆದ ಮೂರು ನಾಲ್ಕು ಫೋಟೊದಷ್ಟು. 2012ರಲ್ಲಿ ಅದರೊಳಗಿನ ಕೋಡ್ ಕೆದಕ್ತಿದ್ದವರಿಗೆ ಒಂದು ಆಶ್ಚರ್ಯ ಕಾದಿತ್ತು. 1980ರ ದಶಕದ ಬ್ರಿಟಿಷ್ ಹೋಮ್ ಕಂಪ್ಯೂಟರ್ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಅನ್ನ ಅನುಕರಿಸೋ ಪ್ರೋಗ್ರಾಂ, ಜೊತೆಗೆ ಸ್ಟ್ಯಾಂಪರ್ ಅಣ್ಣತಮ್ಮಂದಿರು ರೇರ್‌ಗೂ ಮೊದಲು ಮಾಡಿದ್ದ 10 ಹಳೇ ಗೇಮ್‌ಗಳು, ಎಲ್ಲ ಅದರೊಳಗೇ ಮಲಗಿದ್ದವು. ಯಾವಾಗಲೋ ಪ್ರಯೋಗಕ್ಕೆ ಅಂತ ಹಾಕಿ, ನಿಷ್ಕ್ರಿಯ ಮಾಡಿ ಬಿಟ್ಟದ್ದು. ಹದಿನೈದು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ 9.8 ಅಂಕ ತಗೊಂಡು ಕೂತ ಪ್ರತಿಯಿಂದ ಇದು ಯಾವತ್ತೂ ಹೊರಗೆ ಬರ್ತಿರಲಿಲ್ಲ.

ನಮ್ಮದು ಎಲ್ಲಿದೆ?

‘ಸರಿ, ಇದೆಲ್ಲ ಅಲ್ಲಿಯ ಕಥೆ, ನಮಗೇನು?’ ಅಂತ ನೀವು ಕೇಳಬಹುದು. ನಿಜ, ನಿಂಟೆಂಡೊ 64 ನಮ್ಮಲ್ಲಿ ಹೆಚ್ಚಿನವರ ಮನೆಗೆ ಬಂದಿರಲೇ ಇಲ್ಲ. ನಮ್ಮ ತಲೆಮಾರಿನ ಗೂಢಚಾರಿ ಗೇಮ್ ಅಂದ್ರೆ ‘ಐಜಿಐ’. 2000ದ ಕೊನೆಗೆ ಬಂದ, ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ಮಾಡಿದ ಕಂಪ್ಯೂಟರ್ ಗೇಮ್. ಒಬ್ಬನೇ ಒಳನುಗ್ಗಬೇಕು, ಅಲಾರ್ಮ್ ಹೊಡೆಯೋ ಹಾಗಿಲ್ಲ, ಮಧ್ಯದಲ್ಲಿ ಸೇವ್ ಮಾಡೋ ಹಾಗಿಲ್ಲ, ಸತ್ರೆ ಮೊದಲಿಂದ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಒಬ್ಬ ಆಡಿದ್ರೆ ಮೂರು ಜನ ಹಿಂದೆ ನಿಂತು ‘ಲೋ, ಎಡಕ್ಕೆ ಒಬ್ಬ ಇದಾನೆ’ ಅಂತ ಕೂಗ್ತಿದ್ವಿ. ನಮ್ಮ ಸ್ಪ್ಲಿಟ್ ಸ್ಕ್ರೀನ್ ಅದೇ.

ಆದ್ರೆ ಅದರ ಡಬ್ಬಿ ನಮ್ಮ ಎಷ್ಟು ಜನರ ಹತ್ತಿರ ಇದೆ? ಬಹುತೇಕ ಎಲ್ಲರೂ ಆಡಿದ್ದು ಪೆನ್ನಲ್ಲಿ ಹೆಸರು ಬರೆದ ಕಾಪಿ ಸಿಡಿಯಲ್ಲಿ. ಆ ಸಿಡಿಗಳೂ ಹೋದವು, ಆ ಕೆಫೆಗಳೂ ಮುಚ್ಚಿದವು. ಆ ಕಾಲದ ಬಗ್ಗೆ ಉಳಿದಿರೋದು ನೆನಪು ಮಾತ್ರ.

ನಿಮ್ಮ ತಲೆಮಾರಿಗೆ ಬಂದ್ರೆ ಇನ್ನೂ ಕಷ್ಟ. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನ ಕೇಂದ್ರ ಸರ್ಕಾರ ನಿಷೇಧಿಸಿತು. ಅಕ್ಟೋಬರ್ ಮುಗಿಯೋ ಹೊತ್ತಿಗೆ ಭಾರತದಲ್ಲಿ ಸರ್ವರ್ ಬಂದ್. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮಾಯ, 2023ರ ಮೇನಲ್ಲಿ ಮತ್ತೆ ವಾಪಸ್. ಸರ್ಕಾರದ ನಿರ್ಧಾರ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅದು ಇವತ್ತು ಬೇಡ. ನಾನು ಹೇಳೋದು ಇಷ್ಟೇ. ನಿಮ್ಮ ಫೋನಲ್ಲಿರೋ ಗೇಮ್‌ಗೆ ಕಾರ್ಟ್ರಿಜ್ ಇಲ್ಲ. ದುಡ್ಡು ಕೊಟ್ಟು ತಗೊಂಡ ಸ್ಕಿನ್ ಆಗಲಿ, ರ‍್ಯಾಂಕ್ ಆಗಲಿ ಇರೋದು ಎಲ್ಲೋ ಇರೋ ಸರ್ವರ್‌ನಲ್ಲಿ. ಸರ್ವರ್ ನಿಂತ ದಿನ ನಿಮ್ಮ ತಮ್ಮ ಬಿಚ್ಚಿ ನೋಡೋಕೆ ಬೋರ್ಡೂ ಇಲ್ಲ, ಮೊದಲ ಫೈಲೂ ಇಲ್ಲ.

ಹಾಗಾಗಿ ಬೆಲೆ ಅನ್ನೋ ಪದವನ್ನ ನಾನು ಎರಡು ಥರ ಓದ್ತೀನಿ. ಹರಾಜಿನ ಬೆಲೆ ಕೇಳೋದು, ‘ಇದನ್ನ ಎಷ್ಟು ಕಮ್ಮಿ ಮುಟ್ಟಿದ್ದಾರೆ?’ ಅಂತ. ಇತಿಹಾಸ ಕೇಳೋದು, ‘ಇದನ್ನ ಎಷ್ಟು ಜನ ಮುಟ್ಟಿದ್ದಾರೆ, ಏನು ಉಳಿಸಿ ಹೋಗಿದ್ದಾರೆ?’ ಅಂತ. ಗೋಲ್ಡನ್‌ಐ ಎರಡನೇ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡೋ ವಸ್ತು. ನೀವು ಎಂದಾದ್ರೂ ಹಳೇ ಗೇಮ್ ಕೊಳ್ಳೋ ಮನಸ್ಸು ಮಾಡಿದ್ರೆ, ಹೂಡಿಕೆ ಅಂತ ತಗೋಬೇಡಿ, ಆಡೋಕೆ ಅಂತ ತಗೊಳ್ಳಿ. ಲೂಸ್ ಪ್ರತಿಯೇ ಸಾಕು. ಪಿನ್‌ಗಳನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ದಯವಿಟ್ಟು ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ಪಿನ್ ಹಾಳಾಗುತ್ತೆ.

ಕೊನೆಗೆ ಒಂದು ಕೆಲಸ ಕೊಡ್ತೀನಿ. ನಿಮ್ಮ ಅಟ್ಟದ ಮೇಲೆ, ಬೀರುವಿನ ಹಿಂದೆ ಹಳೇ ಟೀವಿ ಗೇಮ್ ಕ್ಯಾಸೆಟ್ಟೋ, ಐಜಿಐ ಸಿಡಿಯೋ ಇದ್ರೆ ಗುಜರಿಗೆ ಹಾಕಬೇಡಿ. ಒಂದು ಫೋಟೊ ತೆಗೀರಿ. ಯಾರು ತಂದದ್ದು, ಎಲ್ಲಿ ಕೊಂಡದ್ದು, ಯಾರ ಜೊತೆ ಆಡಿದ್ದು ಅಂತ ಮನೆಯಲ್ಲಿ ಅಣ್ಣನನ್ನೋ ಮಾವನನ್ನೋ ಕೇಳಿ, ಎರಡು ಸಾಲು ಬರೆದಿಡಿ. ನಮಗೂ ವಾಯ್ಸ್ ನೋಟ್ ಕಳಿಸಿ, ಒಳ್ಳೆಯದನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ.